ಲಾಗ್‌ಔಟ್ ಮಾಡದೆ ವಿಂಡೋ ಮ್ಯಾನೇಜರ್ ಬದಲಿಸುವುದು ಹೇಗೆ?

ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿರುವುದು ಲಿನಕ್ಸ್. ಹಗಲು ನನ್ನದು, ಸಂಜೆ ಆರರ ಮೇಲೆ ಅಪ್ಪಯ್ಯನದು. ಹಗಲಿನಲ್ಲಿ ನಾನು ಹಳೆಯ ಅಡಿಕೆ ಲೆಕ್ಕದ ಪುಸ್ತಕಗಳ ಸ್ಕ್ಯಾನ್ ಒಂದು ಕಡೆ ಇಟ್ಟುಕೊಂಡು ಇನ್ನೊಂದು ಕಡೆ ಶೀಟ್ ತುಂಬುತ್ತೇನೆ, ಸಂಜೆ ಅವರು ಶಿರಸಿ ಮಾರುಕಟ್ಟೆಯ ಅಡಿಕೆ ದರ ನೋಡಿ ಆಮೇಲೆ ಯಕ್ಷಗಾನದ ವಿಡಿಯೋ ಹಾಕಿಕೊಂಡು ಕೂರುತ್ತಾರೆ. ನನ್ನ ಕೆಲಸಕ್ಕೆ ಕಿಟಕಿಗಳು ತಾವಾಗಿಯೇ ಅಕ್ಕಪಕ್ಕ ಜೋಡಿಸಿಕೊಳ್ಳುವ ಐ3 ಅನ್ನುವ ವಿಂಡೋ ಮ್ಯಾನೇಜರ್ ಬಹಳ ಅನುಕೂಲ. ಆದರೆ ಒಂದು ದಿನ ಅದನ್ನು ಹಾಗೇ ಬಿಟ್ಟು ತೋಟಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಜಗುಲಿಯಿಂದಲೇ ಕೂಗು: "ತಮಾ, ಇದಕ್ಕೆಂತ ಆತೋ? ಗುಣಾಕಾರವೇ ಇಲ್ಲೆ!"

ಗುಣಾಕಾರ ಅಂದರೆ ಕಿಟಕಿಯ ಮೂಲೆಯಲ್ಲಿರುವ ಮುಚ್ಚುವ ಗುರುತು. ಐ3ನಲ್ಲಿ ಅದು ಇರುವುದಿಲ್ಲ.

ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಬಹುದಿತ್ತು. ಅಪ್ಪಯ್ಯನಿಗೆ ಎರಡನೆಯ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಮನಸ್ಸಿಲ್ಲ, ನನಗೆ ಸಂಜೆ ತೆರೆದಿಟ್ಟ ಹತ್ತು ಕಡತಗಳನ್ನು ಮುಚ್ಚಿ ಬೆಳಿಗ್ಗೆ ಮತ್ತೆ ತೆರೆಯುವ ಮನಸ್ಸಿಲ್ಲ. ಹಾಗಾಗಿ ದಿನಕ್ಕೆ ಎರಡು ಸಲ ವಿಂಡೋ ಮ್ಯಾನೇಜರ್ ಒಂದನ್ನೇ ಬದಲಿಸುತ್ತೇನೆ. ಲಾಗ್‌ಔಟ್ ಇಲ್ಲ, ರೀಬೂಟ್ ಇಲ್ಲ, ತೆರೆದ ಕಡತ ತೆರೆದೇ ಇರುತ್ತದೆ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ನಾನು ಕನ್ನಡದಲ್ಲೇ ಬರೆದಿದ್ದೇನೆ, ಕಾರವಾರದ ಭಾವನಿಗೆ ಫೋನಿನಲ್ಲಿ ಹೇಳುವ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ದೊಡ್ಡ ಅಕ್ಷರ ಬೇಕಾದ ಕಡೆ ಅಲ್ಲೇ ಹೇಳುತ್ತೇನೆ. ಪದದ ಶುರುವಿನಲ್ಲಿ ಎರಡು ಅಡ್ಡಗೆರೆ ಇದ್ದರೆ ಎರಡನ್ನೂ ಆ ಪದಕ್ಕೆ ಅಂಟಿಸಿಯೇ ಹಾಕಬೇಕು, ಗೆರೆಗಳಿಗೆ ಮೊದಲು ಒಂದು ಸ್ಪೇಸ್ ಬಿಡಬೇಕು.

ಈಗ ಈ ವಿಂಡೋ ಮ್ಯಾನೇಜರ್ ಅಂದರೆ ಯಾರು? ಡೆಸ್ಕ್‌ಟಾಪ್ ಅಂತ ನಾವು ನೋಡುವುದು ಒಂದೇ ಪ್ರೋಗ್ರಾಂ ಅಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಎಕ್ಸ್‌ಎಫ್‌ಸಿಇಯನ್ನೇ ತೆಗೆದುಕೊಳ್ಳಿ. ಕೆಳಗಿನ ಪಟ್ಟಿ ಒಂದು ಪ್ರೋಗ್ರಾಂ, ಹಿಂದಿನ ಚಿತ್ರ ಮತ್ತು ಐಕಾನ್‌ಗಳು ಇನ್ನೊಂದು, ಕೀಬೋರ್ಡ್ ಸೆಟ್ಟಿಂಗ್ ಮತ್ತೊಂದು. ಕಿಟಕಿಗೆ ಚೌಕಟ್ಟು ಹಾಕುವುದು, ಟೈಟಲ್ ಬಾರ್ ಕೊಡುವುದು, ಎಳೆದರೆ ಸರಿಸುವುದು, ಆಲ್ಟ್+ಟ್ಯಾಬ್ ಹೊಡೆದರೆ ಮುಂದಿನದನ್ನು ಎದುರಿಗೆ ತರುವುದು, ಇಷ್ಟು ವಿಂಡೋ ಮ್ಯಾನೇಜರ್ ಕೆಲಸ. ಎಕ್ಸ್‌ಎಫ್‌ಸಿಇಯಲ್ಲಿ ಆ ಕೆಲಸ ಮಾಡುವವನ ಹೆಸರು ಎಕ್ಸ್‌ಎಫ್‌ಡಬ್ಲ್ಯೂಎಂ4. ಅಂದರೆ ಎಕ್ಸ್, ಎಫ್, ಡಬ್ಲ್ಯೂ, ಎಂ, ಆಮೇಲೆ ಅಂಕಿ 4, ನಡುವೆ ಜಾಗ ಇಲ್ಲ. ಕಿಟಕಿಯ ಒಳಗಿರುವುದಕ್ಕೂ ಅವನಿಗೂ ಸಂಬಂಧ ಇಲ್ಲ. ನಿಮ್ಮ ಶೀಟ್ ಲಿಬ್ರೆಆಫೀಸ್‌ನ ಕೈಯಲ್ಲಿದೆ, ಬ್ರೌಸರ್ ಬ್ರೌಸರ್‌ನ ಕೈಯಲ್ಲಿದೆ.

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಹೊತ್ತಿನ ಭಾಗವತರು ಎದ್ದು ಹೋಗುತ್ತಾರೆ, ನಡುರಾತ್ರಿಗೆ ಇನ್ನೊಬ್ಬರು ಬಂದು ಜಾಗಟೆ ಹಿಡಿದು ಕೂರುತ್ತಾರೆ, ವೇಷಧಾರಿ ರಂಗದ ಮೇಲೇ ಇರುತ್ತಾನೆ, ಮದ್ದಳೆಯವರೂ ಎದ್ದು ಹೋಗಿರುವುದಿಲ್ಲ. ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ ಎಕ್ಸ್11 ಅನ್ನುವ ವ್ಯವಸ್ಥೆಯಲ್ಲೂ ಹೀಗೇ ಒಂದು ಜಾಗಟೆ ಇದೆ. ಅದರ ಹೆಸರು ಡಬ್ಲ್ಯೂಎಂ_ಎಸ್0, ಸೊನ್ನೆ ಅಂದರೆ ಪರದೆಯ ನಂಬರ್. ಅದು ಯಾರ ಕೈಯಲ್ಲಿದೆಯೋ ಅವನೇ ಆ ಹೊತ್ತಿನ ವಿಂಡೋ ಮ್ಯಾನೇಜರ್. ಒಬ್ಬನು ಕೂತಿರುವಾಗ ಇನ್ನೊಬ್ಬನು ಸುಮ್ನೆ ಬಂದು ಕೂರಲು ಆಗುವುದಿಲ್ಲ. ಡಿಡಬ್ಲ್ಯೂಎಂ ಥರದವು ಬೇರೊಂದು ವಿಂಡೋ ಮ್ಯಾನೇಜರ್ ಆಗಲೇ ಇದೆ ಅಂತ ಹೇಳಿ ಅಲ್ಲೇ ನಿಂತುಬಿಡುತ್ತವೆ. ಆದರೆ ‘ರಿಪ್ಲೇಸ್’ ಅನ್ನುವ ಪದ ಗೊತ್ತಿರುವವು ಜಾಗಟೆ ಕೇಳುತ್ತವೆ. ಕೂತಿದ್ದವನು ಅದನ್ನು ಬಿಟ್ಟುಕೊಟ್ಟು, ತಾನು ಹಾಕಿದ್ದ ಚೌಕಟ್ಟುಗಳನ್ನು ಕಳಚಿ ಎದ್ದುಹೋಗುತ್ತಾನೆ. ಹೊಸಬನು ಇರುವ ಕಿಟಕಿಗಳನ್ನೆಲ್ಲ ಎಣಿಸಿ ತನ್ನ ಚೌಕಟ್ಟು ಹಾಕುತ್ತಾನೆ. ನಮಗೆ ಕಾಣುವುದು ಪರದೆ ಒಮ್ಮೆ ಮಿನುಗಿದ್ದು ಮಾತ್ರ.

ಇದೆಲ್ಲ ಎಕ್ಸ್11ಗೆ. ಅದರ ಬದಲಿಗೆ ಬಂದಿರುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಪರದೆಗೆ ಚಿತ್ರ ಕಳಿಸುವವನೂ ಕಿಟಕಿ ಜೋಡಿಸುವವನೂ ಒಬ್ಬನೇ. ಅವನನ್ನು ಎಬ್ಬಿಸಿದರೆ ರಂಗಸ್ಥಳವೇ ಹೋಗುತ್ತದೆ. ಹಾಗಾಗಿ ಮೊದಲು ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಟರ್ಮಿನಲ್ ತೆರೆದು ‘ಎಕೋ’ ಅಂತ ಹೊಡೆದು, ಸ್ಪೇಸ್ ಬಿಟ್ಟು, ಡಾಲರ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಕೊಂಡೇ ‘ಎಕ್ಸ್‌ಡಿಜಿ_ಸೆಷನ್_ಟೈಪ್’ ಅಂತ ಬರೆಯಿರಿ. ಡಾಲರ್ ಆದಮೇಲಿನ ಅಷ್ಟೂ ದೊಡ್ಡ ಅಕ್ಷರ, ನಡುವೆ ಅಂಡರ್‌ಸ್ಕೋರ್. ಉತ್ತರ ‘ಎಕ್ಸ್11’ ಅಂತ ಬಂದರೆ ಮುಂದೆ ಓದಿ. ‘ವೇಲ್ಯಾಂಡ್’ ಅಂತ ಬಂದರೆ ಲಾಗ್‌ಔಟ್ ಮಾಡಿ, ಲಾಗಿನ್ ಪರದೆಯಲ್ಲಿ ಎಕ್ಸ್11 ಅಥವಾ ಎಕ್ಸ್‌ಆರ್ಗ್ ಅನ್ನುವ ಸೆಷನ್ ಇದೆಯಾ ನೋಡಿ. ಇದ್ದರೆ ಅದರಿಂದ ಒಳಗೆ ಬನ್ನಿ, ಇಲ್ಲದಿದ್ದರೆ ಈ ದಾರಿ ನಿಮಗಲ್ಲ, ಪ್ರತಿ ಸಲ ಲಾಗ್‌ಔಟ್ ಮಾಡಿಯೇ ಬದಲಿಸಬೇಕು.

ಗ್ನೋಮ್ ಮತ್ತು ಸಿನಮನ್ ಬಳಸುವವರಿಗೂ ಇಲ್ಲೇ ಹೇಳಿಬಿಡಬೇಕು. 2011ರಲ್ಲಿ ಗ್ನೋಮ್ 3 ಬಂದಾಗಿನಿಂದ ಅದರ ಶೆಲ್ ಮತ್ತು ವಿಂಡೋ ಮ್ಯಾನೇಜರ್ ಒಂದೇ ಪ್ರೋಗ್ರಾಂನಲ್ಲಿ ಓಡುತ್ತವೆ. ಸಿನಮನ್ ಕೂಡ ಹಾಗೇ. ಒಂದನ್ನು ತೆಗೆದರೆ ಪಟ್ಟಿಯೂ ಹೋಗುತ್ತದೆ, ಮೆನುವೂ ಹೋಗುತ್ತದೆ. ಅಲ್ಲಿ ಇದನ್ನು ಪ್ರಯತ್ನಿಸಬೇಡಿ. ಎಕ್ಸ್‌ಎಫ್‌ಸಿಇ, ಮಾಟೆ, ಎಲ್‌ಎಕ್ಸ್‌ಕ್ಯೂಟಿ, ಎಲ್‌ಎಕ್ಸ್‌ಡಿಇ, ಇವು ನಾಲ್ಕರಲ್ಲಿ ಸಲೀಸು. ನಾನು ಮುಂದೆ ಹೇಳುವುದೆಲ್ಲ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಇಟ್ಟುಕೊಂಡು.

ಬೇಕಾದ್ದನ್ನು ಮೊದಲೇ ಇಳಿಸಿಕೊಳ್ಳಿ. ನಮ್ಮ ಕಡೆ ಜುಲೈಯಲ್ಲಿ ಲೈನಿನ ಮೇಲೆ ಮರ ಬಿತ್ತು ಅಂದರೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ, ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದರೆ ಕಷ್ಟ.

ಸುಡೋ ಆಪ್ಟ್ ಇನ್‌ಸ್ಟಾಲ್ ಓಪನ್‌ಬಾಕ್ಸ್ ಐ3 ಡಬ್ಲ್ಯೂಎಂಸಿಟಿಆರ್‌ಎಲ್

ಓಪನ್‌ಬಾಕ್ಸ್ ಮತ್ತು ಐ3 ಎರಡೂ ವಿಂಡೋ ಮ್ಯಾನೇಜರ್‌ಗಳು, ಕೊನೆಯದು ಸಣ್ಣ ಉಪಕರಣ. ‘ಡಬ್ಲ್ಯೂಎಂಸಿಟಿಆರ್‌ಎಲ್ -ಎಂ’ ಅಂದರೆ ಈಗ ಜಾಗಟೆ ಯಾರ ಕೈಯಲ್ಲಿದೆ ಅಂತ ಮೊದಲ ಸಾಲಿನಲ್ಲೇ ಹೇಳುತ್ತದೆ. ಏನೋ ಬದಲಾಗಿದೆ ಅನ್ನಿಸುತ್ತಿದೆ, ಆದರೆ ನಿಜಕ್ಕೂ ಬದಲಾಗಿದೆಯಾ ಅನ್ನುವ ಅನುಮಾನ ಬಂದಾಗ ಇದನ್ನು ಕೇಳುತ್ತೇನೆ.

ಈಗ ಬದಲಿಸಲು ಹೋಗಬೇಡಿ. ಮೊದಲು ವಾಪಸ್ ಬರುವ ದಾರಿ ಮಾಡಿಕೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು, ಎರಡು ನಿಮಿಷದ್ದು. ಕೆಳಗಿನ ಪಟ್ಟಿಯ ಮೇಲೆ ಮೌಸ್‌ನ ಬಲಗಡೆ ಬಟನ್ ಕ್ಲಿಕ್ ಮಾಡಿ, ‘ಪ್ಯಾನೆಲ್’ ಒಳಗೆ ‘ಆ್ಯಡ್ ನ್ಯೂ ಐಟಮ್ಸ್’ ಅಂತ ಇದೆ, ಅಲ್ಲಿಂದ ‘ಲಾಂಚರ್’ ಒಂದನ್ನು ಸೇರಿಸಿ. ಆ ಲಾಂಚರ್‌ನ ಪ್ರಾಪರ್ಟೀಸ್‌ಗೆ ಹೋಗಿ ಹೊಸ ಖಾಲಿ ಐಟಂ ಮಾಡಿ, ಹೆಸರು ಏನಾದರೂ ಕೊಡಿ, ಕಮಾಂಡ್ ಜಾಗದಲ್ಲಿ ಇದನ್ನು ಬರೆಯಿರಿ:

ಎಕ್ಸ್‌ಎಫ್‌ಡಬ್ಲ್ಯೂಎಂ4 --ರಿಪ್ಲೇಸ್

ನಮ್ಮ ಮನೆಯಲ್ಲಿ ಅದರ ಹೆಸರು ‘ಅಪ್ಪಯ್ಯ’. ಪಕ್ಕದಲ್ಲಿ ಇನ್ನೊಂದು ‘ಹಗಲು’ ಅಂತ ಇದೆ, ಅದರಲ್ಲಿ ‘ಐ3 --ರಿಪ್ಲೇಸ್’. ಪಟ್ಟಿ ಬೇರೆಯೇ ಪ್ರೋಗ್ರಾಂ ಆದ್ದರಿಂದ ವಿಂಡೋ ಮ್ಯಾನೇಜರ್ ಇದ್ದರೂ ಸತ್ತರೂ ಅದು ಇರುತ್ತದೆ. ಕೀಬೋರ್ಡ್ ಕೈಕೊಟ್ಟರೂ ಮೌಸ್‌ನಿಂದ ಒಂದು ಒತ್ತು ಒತ್ತಿದರೆ ಹಳೆಯವನು ವಾಪಸ್. ಮಿಂಟ್‌ನ ಎಕ್ಸ್‌ಎಫ್‌ಸಿಇ ಮತ್ತು ಮಾಟೆಯಲ್ಲಿ ‘ಡಬ್ಲ್ಯೂಎಂ-ರಿಕವರಿ’ ಅನ್ನುವ ಕಮಾಂಡ್ ಕೂಡ ಇದೇ ಕೆಲಸಕ್ಕೆ ಇದೆ, ಇದಕ್ಕೆ ನಡುವಿನ ಅಡ್ಡಗೆರೆ ಒಂದೇ. ಆದರೆ ಅದಕ್ಕೆ ಟೈಪ್ ಮಾಡಬೇಕು, ಟೈಪ್ ಮಾಡಲು ಆಗದಿದ್ದಾಗಲೇ ಅದು ಬೇಕಾಗುವುದು!

ಲಾಂಚರ್ ಆಯಿತಾ? ಒಮ್ಮೆ ಈಗಲೇ ಒತ್ತಿ ನೋಡಿ. ಎಕ್ಸ್‌ಎಫ್‌ಡಬ್ಲ್ಯೂಎಂ4 ತನ್ನನ್ನೇ ತಾನು ಬದಲಿಸಿಕೊಳ್ಳುತ್ತದೆ, ಪರದೆ ಒಮ್ಮೆ ಮಿನುಗುತ್ತದೆ, ಅಷ್ಟೇ.

ಇನ್ನು ಧೈರ್ಯವಾಗಿ ಆಲ್ಟ್+ಎಫ್2 ಒತ್ತಿ, ಬರುವ ಪೆಟ್ಟಿಗೆಯಲ್ಲಿ

ಓಪನ್‌ಬಾಕ್ಸ್ --ರಿಪ್ಲೇಸ್

ಅಂತ ಹೊಡೆದು ಎಂಟರ್ ಒತ್ತಿ. ಟೈಟಲ್ ಬಾರ್‌ಗಳ ಬಣ್ಣ ಆಕಾರ ಬದಲಾದರೆ ಕೆಲಸ ಆಯಿತು. ಮೊದಲ ಸಲ ಐ3ಗಿಂತ ಓಪನ್‌ಬಾಕ್ಸ್‌ನಿಂದಲೇ ಶುರು ಮಾಡಿ, ಅದರಲ್ಲಿ ಕಿಟಕಿಗಳು ನಮಗೆ ಗೊತ್ತಿರುವ ಹಾಗೇ ನಡೆದುಕೊಳ್ಳುತ್ತವೆ, ಗುಣಾಕಾರವೂ ಇದೆ.

ಟರ್ಮಿನಲ್‌ನಿಂದ ಯಾಕೆ ಬೇಡ, ಆಲ್ಟ್+ಎಫ್2ನಿಂದಲೇ ಯಾಕೆ ಅಂತ ಕೇಳಿದರೆ ನನ್ನದೇ ಒಂದು ಕಥೆ ಹೇಳಬೇಕು. ಶುರುವಿನಲ್ಲಿ ನಾನು ಟರ್ಮಿನಲ್‌ನಲ್ಲೇ ಹೊಡೆದಿದ್ದೆ, ಕೊನೆಗೆ ‘&’ ಚಿಹ್ನೆಯನ್ನೂ ಹಾಕಿದ್ದೆ, ಅದು ಹಾಕಿದರೆ ಪ್ರೋಗ್ರಾಂ ಹಿಂಬದಿಯಲ್ಲಿ ಓಡುತ್ತದೆ, ಇನ್ನು ಚಿಂತೆಯಿಲ್ಲ ಅಂದುಕೊಂಡಿದ್ದೆ. ಎಲ್ಲ ಚೆನ್ನಾಗಿ ಬಂತು, ಖುಷಿಯಲ್ಲಿ ಟರ್ಮಿನಲ್ ಕಿಟಕಿ ಮುಚ್ಚಿದೆ. ತಕ್ಷಣ ಎಲ್ಲ ಕಿಟಕಿಗಳೂ ಬೋಳು! ಟೈಟಲ್ ಬಾರ್ ಇಲ್ಲ, ಒಂದರ ಮೇಲೆ ಒಂದು ಬಿದ್ದಿವೆ, ಸರಿಸಲು ಬರುವುದಿಲ್ಲ, ಟೈಪ್ ಮಾಡಿದರೆ ಅಕ್ಷರ ಬೀಳುವುದಿಲ್ಲ. ಕಂಪ್ಯೂಟರ್ ಹ್ಯಾಂಗ್ ಆಯಿತು ಅಂತ ಪವರ್ ಬಟನ್ ಒತ್ತಿ ಹಿಡಿದೆ. ಆ ದಿನ ಮಧ್ಯಾಹ್ನದಿಂದ ತುಂಬಿದ್ದ ಲೆಕ್ಕ ಸೇವ್ ಆಗಿರಲಿಲ್ಲ.

ಆದದ್ದು ಇಷ್ಟೇ. ಟರ್ಮಿನಲ್ ಕಿಟಕಿ ಮುಚ್ಚಿದರೆ ಅದರೊಳಗೆ ನಮ್ಮ ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಷ್, ತಾನು ಶುರು ಮಾಡಿದ ಮಕ್ಕಳಿಗೆಲ್ಲ ‘ಮನೆ ಮುಚ್ಚುತ್ತಿದೆ, ಹೊರಡಿ’ ಅಂತ ಸಿಗ್ನಲ್ ಕಳಿಸುತ್ತದೆ. ‘&’ ಹಾಕಿದವೂ ಅದರಲ್ಲಿ ಸೇರಿರುತ್ತವೆ. ಓಪನ್‌ಬಾಕ್ಸ್ ಹೇಳಿದ ಮಾತು ಕೇಳಿ ಹೊರಟುಹೋಯಿತು. ಭಾಗವತರು ಎದ್ದು ಹೋದರು, ಇನ್ನೊಬ್ಬರು ಬರಲಿಲ್ಲ, ವೇಷ ಮಾತ್ರ ರಂಗದ ಮೇಲೆ ನಿಂತಿದೆ. ನನ್ನ ಶೀಟ್ ಜೀವಂತವಾಗಿಯೇ ಇತ್ತು, ಕೊಂದದ್ದು ನಾನು, ಪವರ್ ಬಟನ್‌ನಿಂದ. ಟರ್ಮಿನಲ್‌ನಿಂದಲೇ ಮಾಡಬೇಕು ಅಂದರೆ ಮುಂದೆ ‘ಸೆಟ್‌ಸಿಡ್’ ಸೇರಿಸಿ, ಇಂಗ್ಲಿಷಿನಲ್ಲಿ ಎಸ್-ಇ-ಟಿ-ಎಸ್-ಐ-ಡಿ:

ಸೆಟ್‌ಸಿಡ್ ಓಪನ್‌ಬಾಕ್ಸ್ --ರಿಪ್ಲೇಸ್

ಆಗ ಅದು ಟರ್ಮಿನಲ್‌ನ ಮಗನಾಗಿ ಉಳಿಯುವುದಿಲ್ಲ, ಬೇರೆ ಮನೆ ಮಾಡಿಕೊಳ್ಳುತ್ತದೆ.

ಹಾಗಾದರೆ ಕಿಟಕಿಗಳು ಬೋಳಾದಾಗ ಏನು ಮಾಡಬೇಕು? ಪಟ್ಟಿಯ ಲಾಂಚರ್ ಒತ್ತಿ. ಲಾಂಚರ್ ಮಾಡಿಕೊಂಡಿಲ್ಲವೇ, ಅಥವಾ ಪಟ್ಟಿಯ ಮೇಲೆ ಯಾವುದೋ ಕಿಟಕಿ ಬಿದ್ದು ಮುಚ್ಚಿಹೋಗಿದೆಯೇ? ಆಲ್ಟ್+ಎಫ್2 ಒತ್ತಿ ನೋಡಿ. ಎಕ್ಸ್‌ಎಫ್‌ಸಿಇಯಲ್ಲಿ ಈ ಕೀಲಿಯನ್ನು ನೋಡಿಕೊಳ್ಳುವುದು ವಿಂಡೋ ಮ್ಯಾನೇಜರ್ ಅಲ್ಲ, ಹಾಗಾಗಿ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಅಕ್ಷರ ಬೀಳದಿದ್ದರೆ ಮೌಸ್ ಬಾಣವನ್ನು ಅದರ ಮೇಲೇ ಇಟ್ಟು ಹೊಡೆಯಿರಿ, ಮ್ಯಾನೇಜರ್ ಇಲ್ಲದಿರುವಾಗ ಎಷ್ಟೋ ಸಲ ಬಾಣ ಎಲ್ಲಿದೆಯೋ ಅಲ್ಲಿಗೇ ಕೀಬೋರ್ಡ್ ಹೋಗುತ್ತದೆ. ಅದೂ ಆಗಲಿಲ್ಲ ಅಂದರೆ ಕಂಟ್ರೋಲ್+ಆಲ್ಟ್+ಎಫ್2. ಕಪ್ಪು ಪರದೆ ಬರುತ್ತದೆ, ಹೆದರಬೇಡಿ, ನಿಮ್ಮ ಕಿಟಕಿಗಳು ಹಿಂದೆ ಹಾಗೇ ಇವೆ. ಯೂಸರ್ ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ (ಹೊಡೆಯುವಾಗ ಚುಕ್ಕೆ ಕೂಡ ಕಾಣುವುದಿಲ್ಲ, ಕೀಬೋರ್ಡ್ ಹಾಳಾಗಿದೆ ಅಂದುಕೊಳ್ಳಬೇಡಿ), ಆಮೇಲೆ ಇದು:

ಡಿಸ್‌ಪ್ಲೇ=:0 ಎಕ್ಸ್‌ಎಫ್‌ಡಬ್ಲ್ಯೂಎಂ4 --ರಿಪ್ಲೇಸ್ &

ಡಿಸ್‌ಪ್ಲೇ ಅನ್ನುವುದು ದೊಡ್ಡ ಅಕ್ಷರ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಆಮೇಲೆ ಕಂಟ್ರೋಲ್+ಆಲ್ಟ್+ಎಫ್7 ಒತ್ತಿ ವಾಪಸ್ ಬನ್ನಿ. ಎಫ್7ನಲ್ಲಿ ಸಿಗದಿದ್ದರೆ ಎಫ್1ರಿಂದ ಒಂದೊಂದೇ ಒತ್ತುತ್ತಾ ಹೋಗಿ, ಎಲ್ಲಾದರೂ ಇರುತ್ತದೆ. ಕೂಡಲೇ ಕಂಟ್ರೋಲ್+ಎಸ್ ಹೊಡೆದು ನಿಮ್ಮ ಕೆಲಸ ಸೇವ್ ಮಾಡಿ.

ಪವರ್ ಬಟನ್ ಮುಟ್ಟಬೇಡಿ. ಅಷ್ಟೇ ನನ್ನ ಕೋರಿಕೆ.

ಐ3ಗೆ ಬರೋಣ, ಸ್ವಲ್ಪ ಜಾಸ್ತಿ ಹೇಳಬೇಕಾದ್ದು ಇಲ್ಲೇ. ಮೊದಲ ಸಲ ಓಡಿಸಿದಾಗ ಅದು ಕಾನ್ಫಿಗ್ ಫೈಲ್ ಮಾಡಲೇ ಅಂತ ಕೇಳುತ್ತದೆ, ಆಮೇಲೆ ಮುಖ್ಯ ಕೀಲಿ ವಿಂಡೋಸ್ ಕೀಯೋ ಆಲ್ಟೋ ಅಂತ ಕೇಳುತ್ತದೆ. ವಿಂಡೋಸ್ ಕೀ ಆರಿಸಿ. ಕಾರವಾರದ ಭಾವನ ಲ್ಯಾಪ್‌ಟಾಪಿನಲ್ಲಿ ಆ ಕೀ ಕಡಲಿನ ಉಪ್ಪುಗಾಳಿಗೆ ಹಿಡಿದುಕೊಂಡುಬಿಟ್ಟಿದೆ, ಅವನು ಆಲ್ಟ್ ಆರಿಸಿದ. ಆಮೇಲೆ ಫೈಲ್ ಮೆನು ತೆರೆಯಲು ಆಲ್ಟ್+ಎಫ್ ಹೊಡೆದಾಗಲೆಲ್ಲ ಕಿಟಕಿ ಇಡೀ ಪರದೆ ತುಂಬುತ್ತಿತ್ತು, ಯಾಕೆಂದರೆ ಐ3ನಲ್ಲಿ ಮುಖ್ಯ ಕೀಲಿ ಜೊತೆ ಎಫ್ ಅಂದರೆ ಫುಲ್‌ಸ್ಕ್ರೀನ್.

ದಿನಕ್ಕೆ ಬೇಕಾಗುವವು ನಾಲ್ಕೇ. ಮುಖ್ಯ ಕೀಲಿ ಜೊತೆ ಎಂಟರ್ ಒತ್ತಿದರೆ ಟರ್ಮಿನಲ್, ಡಿ ಒತ್ತಿದರೆ ಪ್ರೋಗ್ರಾಂ ಹುಡುಕುವ ಸಾಲು, ಶಿಫ್ಟ್ ಸೇರಿಸಿ ಕ್ಯೂ ಒತ್ತಿದರೆ ಕಿಟಕಿ ಮುಚ್ಚುತ್ತದೆ, 1, 2, 3 ಅಂಕಿಗಳಿಗೆ ಬೇರೆ ಬೇರೆ ವರ್ಕ್‌ಸ್ಪೇಸ್. ಶಿಫ್ಟ್ ಜೊತೆ ಇ ಮಾತ್ರ ಒತ್ತಬೇಡಿ. ಅದು ಐ3ಯಿಂದ ಹೊರಗೆ ಹೋಗುವ ಕೀಲಿ. ಐ3ಯನ್ನೇ ಸೆಷನ್ ಆಗಿ ಬಳಸುವವರಿಗೆ ಅದು ಲಾಗ್‌ಔಟ್. ನಮ್ಮ ಹಾಗೆ ಎಕ್ಸ್‌ಎಫ್‌ಸಿಇಯ ಒಳಗೆ ತಂದು ಕೂರಿಸಿಕೊಂಡವರಿಗೆ ಮ್ಯಾನೇಜರ್ ಮಾತ್ರ ಹೊರಟುಹೋಗುತ್ತಾನೆ, ಕಿಟಕಿಗಳು ಬೋಳು. ಅದು ಮೊದಲು ನಿಜಕ್ಕೂ ಹೋಗಬೇಕಾ ಅಂತ ಮೇಲುಗಡೆ ಕೇಳುತ್ತದೆ. ಭಾವ ಹೌದು ಅಂತ ಒತ್ತಿಯೇ ಫೋನ್ ಮಾಡಿದ್ದು. "ಎಂತ ಮಾರಾಯಾ ಇದು, ಹೌದು ಅಂದ್ರೆ ಹಿಂಗಾ?" ಲಾಂಚರ್ ಒತ್ತು ಅಂದೆ, ಅರ್ಧ ನಿಮಿಷದಲ್ಲಿ ಮುಗಿಯಿತು.

ಐ3 ಬಂದಾಗ ಕೆಳಗೆ ಎರಡು ಪಟ್ಟಿ ಕಾಣಬಹುದು, ಒಂದು ಎಕ್ಸ್‌ಎಫ್‌ಸಿಇಯದ್ದು, ಇನ್ನೊಂದು ಐ3ಯದ್ದು. ಹೋಮ್ ಫೋಲ್ಡರ್‌ನ ‘.ಕಾನ್ಫಿಗ್/ಐ3/ಕಾನ್ಫಿಗ್’ ಫೈಲ್ ತೆರೆದು, ಕೊನೆಯಲ್ಲಿರುವ ‘ಬಾರ್’ ಅನ್ನುವ ತುಣುಕನ್ನು ಅಳಿಸಿ, ಮುಖ್ಯ ಕೀಲಿ+ಶಿಫ್ಟ್+ಆರ್ ಒತ್ತಿದರೆ ಐ3 ಕೂತಲ್ಲೇ ಹೊಸದಾಗಿ ಶುರುವಾಗುತ್ತದೆ. ಎಕ್ಸ್‌ಎಫ್‌ಸಿಇಯ ಪಟ್ಟಿ ಮೇಲೆ ಅಥವಾ ಕೆಳಗೆ ಇರಲಿ, ಪಕ್ಕದಲ್ಲಿ ನಿಲ್ಲಿಸಿದ ಪಟ್ಟಿ ಐ3ಗೆ ಆಗುವುದಿಲ್ಲ. ಹಿಂದಿನ ಚಿತ್ರವೇ ಒಂದು ಕಿಟಕಿಯಾಗಿ ಬಂದು ಜಾಗ ತಿನ್ನುತ್ತಿದ್ದರೆ ‘ಎಕ್ಸ್‌ಎಫ್‌ಡೆಸ್ಕ್‌ಟಾಪ್ --ಕ್ವಿಟ್’ ಅಂತ ಹೊಡೆದು ಕಳಿಸಿಬಿಡಿ. ಸಂಜೆ ಎಕ್ಸ್‌ಎಫ್‌ಡಬ್ಲ್ಯೂಎಂ4ಗೆ ಬಂದಮೇಲೆ ಆಲ್ಟ್+ಎಫ್2ನಲ್ಲಿ ‘ಎಕ್ಸ್‌ಎಫ್‌ಡೆಸ್ಕ್‌ಟಾಪ್’ ಅಂತ ಹೊಡೆದರೆ ಐಕಾನ್‌ಗಳು ಬರುತ್ತವೆ. ವಾಪಸ್ ಬಂದಾಗ ಕಿಟಕಿಗಳ ಅಳತೆ ಅಡ್ಡಾದಿಡ್ಡಿ ಆಗಿರುತ್ತದೆ, ಅದನ್ನು ಒಮ್ಮೆ ಕೈಯಿಂದಲೇ ಸರಿಮಾಡಿಕೊಳ್ಳಬೇಕು.

ಐ3ಯ ಹಳೆಯ ಆವೃತ್ತಿಗಳಿಗೆ ‘ರಿಪ್ಲೇಸ್’ ಗೊತ್ತಿರಲಿಲ್ಲ. ನಿಮ್ಮದು ಗೊತ್ತಿಲ್ಲ ಅಂದರೆ, ಅಥವಾ ಆ ಪದ ತಿಳಿಯದ ಬೇರೆ ಯಾವುದನ್ನಾದರೂ ತರಬೇಕಾದರೆ, ಎಕ್ಸ್‌ಎಫ್‌ಡಬ್ಲ್ಯೂಎಂ4ನ್ನು ಮೊದಲು ಕೊಲ್ಲಬೇಕು. ಆದರೆ ಸುಮ್ನೆ ಕೊಂದರೆ ಸೆಷನ್ ಮ್ಯಾನೇಜರ್ ಅದನ್ನು ಕೂಡಲೇ ಎಬ್ಬಿಸಿ ಕೂರಿಸುತ್ತದೆ. ‘ಸೆಷನ್ ಆ್ಯಂಡ್ ಸ್ಟಾರ್ಟಪ್’ ತೆರೆದು, ‘ಕರೆಂಟ್ ಸೆಷನ್’ ಪುಟದಲ್ಲಿ ಎಕ್ಸ್‌ಎಫ್‌ಡಬ್ಲ್ಯೂಎಂ4 ಎದುರು ಇರುವ ‘ಇಮ್ಮೀಡಿಯೆಟ್ಲಿ’ಯನ್ನು ‘ನೆವರ್’ ಮಾಡಿ, ಆಮೇಲೆ ಕೊಲ್ಲಿ.

ಕನ್ನಡ ಟೈಪ್ ಮಾಡುವವರು ಇದನ್ನು ಗಮನಿಸಿ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಪ್ರೋಗ್ರಾಂ ಐಬಸ್‌ನಲ್ಲಿ ಭಾಷೆ ಬದಲಿಸುವ ಕೀಲಿ ಸಾಮಾನ್ಯವಾಗಿ ವಿಂಡೋಸ್ ಕೀ+ಸ್ಪೇಸ್. ಐ3ನಲ್ಲೂ ವಿಂಡೋಸ್ ಕೀ+ಸ್ಪೇಸ್‌ಗೆ ಬೇರೆಯೇ ಕೆಲಸ ಇದೆ. ಇಬ್ಬರೂ ಒಂದೇ ಕೀಲಿಗೆ ಕೈ ಹಾಕಿದರೆ ಮೊದಲು ಹಿಡಿದವನಿಗೆ ಸಿಗುತ್ತದೆ, ಇನ್ನೊಬ್ಬನಿಗೆ ಇಲ್ಲ. ನಾನು ವಾರಗಟ್ಟಲೆ ಐಬಸ್ ಹಾಳಾಗಿದೆ ಅಂತ ಅದನ್ನೇ ತೆಗೆದು ಮತ್ತೆ ಹಾಕುತ್ತಿದ್ದೆ. ‘ಐಬಸ್-ಸೆಟಪ್’ ತೆರೆದು ಅದಕ್ಕೆ ಕಂಟ್ರೋಲ್+ಸ್ಪೇಸ್ ಕೊಡಿ, ಜಗಳ ಮುಗಿಯುತ್ತದೆ. ಇದೇ ಲೆಕ್ಕ ಉಳಿದ ಶಾರ್ಟ್‌ಕಟ್‌ಗಳಿಗೂ. ಆಲ್ಟ್+ಟ್ಯಾಬ್, ಆಲ್ಟ್+ಎಫ್4 ಇವೆಲ್ಲ ವಿಂಡೋ ಮ್ಯಾನೇಜರ್‌ನ ಆಸ್ತಿ, ಅವನು ಹೋದರೆ ಅವೂ ಹೋಗುತ್ತವೆ, ಹೊಸಬನು ತನ್ನವನ್ನು ತರುತ್ತಾನೆ. ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ನೀವೇ ಮಾಡಿಕೊಂಡವು ಮಾತ್ರ ಹಾಗೇ ಉಳಿಯುತ್ತವೆ.

ಓಪನ್‌ಬಾಕ್ಸ್‌ನವರಿಗೆ ಎರಡು ವಿಷಯ. ಅದರ ಪ್ರಸಿದ್ಧ ಬಲಗಡೆ ಕ್ಲಿಕ್ ಮೆನು ನಿಮಗೆ ಸಿಗುವುದಿಲ್ಲ, ಯಾಕೆಂದರೆ ಪರದೆಯ ಹಿಂಬದಿಯನ್ನು ಎಕ್ಸ್‌ಎಫ್‌ಡೆಸ್ಕ್‌ಟಾಪ್ ಮುಚ್ಚಿಕೊಂಡು ಕೂತಿರುತ್ತದೆ, ಅದರ ಮೆನುವೇ ಬರುತ್ತದೆ. ಎರಡನೆಯದು ನೆರಳು ಮತ್ತು ಪಾರದರ್ಶಕತೆ. ಎಕ್ಸ್‌ಎಫ್‌ಡಬ್ಲ್ಯೂಎಂ4 ಒಳಗೇ ಇವನ್ನು ಮಾಡುವ ಕಾಂಪೋಸಿಟರ್ ಇದೆ, ಓಪನ್‌ಬಾಕ್ಸ್‌ನಲ್ಲೂ ಐ3ನಲ್ಲೂ ಇಲ್ಲ. ವಿಡಿಯೋ ಓಡುವಾಗ ನಡುವೆ ಹರಿದ ಹಾಗೆ ಗೆರೆ ಕಂಡರೆ ‘ಪಿಕಾಮ್’ ಅನ್ನುವ ಬೇರೆ ಕಾಂಪೋಸಿಟರ್ ಹಾಕಿಕೊಂಡು ‘ಪಿಕಾಮ್ -ಬಿ’ ಅಂತ ಓಡಿಸಿ. ಎಕ್ಸ್‌ಎಫ್‌ಡಬ್ಲ್ಯೂಎಂ4ಗೆ ವಾಪಸ್ ಹೋಗುವ ಮೊದಲು ಪಿಕಾಮ್ ನಿಲ್ಲಿಸಿ, ಒಂದು ಪರದೆಗೆ ಒಬ್ಬನೇ ಕಾಂಪೋಸಿಟರ್ ಸಾಕು.

ರ‍್ಯಾಮ್ ಉಳಿಸಲು ಇದನ್ನೆಲ್ಲ ಮಾಡುವವರು ಸುಮಾರು ಜನ ಇದ್ದಾರೆ. ಉಳಿಯುವುದು ಸ್ವಲ್ಪವೇ. ಬ್ರೌಸರ್‌ನಲ್ಲಿ ಒಂದೆರಡು ಟ್ಯಾಬ್ ಮುಚ್ಚಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ. ಕೈಗೆ ಅನುಕೂಲ ಅನ್ನಿಸಿದರೆ ಬದಲಿಸಿ, ಮೆಷಿನ್ ವೇಗವಾಗಿ ಓಡುತ್ತದೆ ಅಂತ ಬದಲಿಸಬೇಡಿ.

ಇಷ್ಟೆಲ್ಲ ಈ ಸೆಷನ್‌ಗೆ ಮಾತ್ರ. ಲಾಗ್‌ಔಟ್ ಮಾಡಿ ಬಂದರೆ ಮತ್ತೆ ಎಕ್ಸ್‌ಎಫ್‌ಡಬ್ಲ್ಯೂಎಂ4. ಒಂದು ವಾರ ಹೀಗೇ ಬಳಸಿ ನೋಡಿ, ಇಷ್ಟವಾದರೆ ಆಮೇಲೆ ಕಾಯಂ ಮಾಡಿ. ಸುಲಭದ ದಾರಿ ‘ಸೆಷನ್ ಆ್ಯಂಡ್ ಸ್ಟಾರ್ಟಪ್’ನ ‘ಆಟೋಸ್ಟಾರ್ಟ್’ ಪುಟದಲ್ಲಿ ‘ಓಪನ್‌ಬಾಕ್ಸ್ --ರಿಪ್ಲೇಸ್’ ಸೇರಿಸುವುದು. ಲಾಗಿನ್ ಆದಾಗ ಮೊದಲು ಹಳೆಯವನು ಬಂದು ಕೂಡಲೇ ಹೊಸಬನಿಗೆ ಜಾಗ ಬಿಡುತ್ತಾನೆ, ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಆದರೆ ಬೇಡ ಅನ್ನಿಸಿದ ದಿನ ಒಂದು ಟಿಕ್ ತೆಗೆದರೆ ಮುಗಿಯಿತು. ಸರಿಯಾದ ದಾರಿಯೇ ಬೇಕು ಅನ್ನುವವರು ‘ಸೆಟ್ಟಿಂಗ್ಸ್ ಎಡಿಟರ್’ ತೆರೆದು, ಎಡಗಡೆ ‘ಎಕ್ಸ್‌ಎಫ್‌ಸಿಇ4-ಸೆಷನ್’ ಆರಿಸಿ, ‘ಸೆಷನ್ಸ್’ ಒಳಗೆ ‘ಫೇಲ್‌ಸೇಫ್’ ಒಳಗೆ ‘ಕ್ಲೈಂಟ್0_ಕಮಾಂಡ್’ ಹುಡುಕಿ, ಅಲ್ಲಿರುವ ಎಕ್ಸ್‌ಎಫ್‌ಡಬ್ಲ್ಯೂಎಂ4 ಜಾಗದಲ್ಲಿ ಓಪನ್‌ಬಾಕ್ಸ್ ಅಂತ ಬರೆಯಬೇಕು. ಬದಲಿಸಿದರೂ ಹಳೆಯದೇ ಬರುತ್ತಿದ್ದರೆ ಹಿಂದೆ ಯಾವಾಗಲೋ ಉಳಿಸಿದ ಸೆಷನ್ ಅಡ್ಡ ಬಂದಿರುತ್ತದೆ, ‘ಸೆಷನ್ ಆ್ಯಂಡ್ ಸ್ಟಾರ್ಟಪ್’ನಲ್ಲಿ ಉಳಿಸಿದ ಸೆಷನ್‌ಗಳನ್ನು ಅಳಿಸುವ ಬಟನ್ ಇದೆ, ಒತ್ತಿ. ಲಾಗ್‌ಔಟ್ ಮಾಡುವಾಗ ಸೆಷನ್ ಉಳಿಸುವ ಟಿಕ್ಕನ್ನೂ ತೆಗೆಯಿರಿ. ಆ ಟಿಕ್ ಇದ್ದರೆ ಪರೀಕ್ಷೆಗೆ ಅಂತ ಹಾಕಿದ ಓಪನ್‌ಬಾಕ್ಸ್ ಮರುದಿನವೂ ಕೇಳದೇ ಬಂದು ಕೂತಿರುತ್ತದೆ.

ಮಿಂಟ್‌ನ ಎಕ್ಸ್‌ಎಫ್‌ಸಿಇಯಲ್ಲಿ ‘ಡೆಸ್ಕ್‌ಟಾಪ್ ಸೆಟ್ಟಿಂಗ್ಸ್’ ಅಂತ ಇದೆ, ಅದರ ‘ವಿಂಡೋಸ್’ ಭಾಗದಲ್ಲಿ ಕೆಲವು ಮ್ಯಾನೇಜರ್‌ಗಳನ್ನು ಅಲ್ಲಿನ ಹೆಸರುಗಳ ಪಟ್ಟಿಯಿಂದಲೇ ಆರಿಸಬಹುದು. ಉಬುಂಟು ಮಾಟೆಯವರಿಗೆ ‘ಮಾಟೆ ಟ್ವೀಕ್’ ಇದೆ, ಅಲ್ಲಿನ ಹಳೆಯವನ ಹೆಸರು ಮಾರ್ಕೊ, ವಾಪಸ್ ಬರಲು ‘ಮಾರ್ಕೊ --ರಿಪ್ಲೇಸ್’. ಎಲ್‌ಎಕ್ಸ್‌ಕ್ಯೂಟಿಯ ಸೆಷನ್ ಸೆಟ್ಟಿಂಗ್‌ನಲ್ಲಿ ವಿಂಡೋ ಮ್ಯಾನೇಜರ್ ಆರಿಸುವ ಜಾಗವೇ ಇದೆ, ಆರಿಸಿ ಒಮ್ಮೆ ಲಾಗ್‌ಔಟ್ ಮಾಡಿ ಬನ್ನಿ. ಕೆಡಿಇಯವರಿಗೆ ಎಕ್ಸ್11ನಲ್ಲಿ ‘ಕೆವಿನ್_ಎಕ್ಸ್11 --ರಿಪ್ಲೇಸ್’ ವಾಪಸ್ ಬರುವ ಕಮಾಂಡ್, ಇಂಗ್ಲಿಷಿನಲ್ಲಿ ಕೆ-ಡಬ್ಲ್ಯೂ-ಐ-ಎನ್, ಅಂಡರ್‌ಸ್ಕೋರ್, ಎಕ್ಸ್11.

ಯಾವುದಾದರೂ ಬೇಡ ಅಂತ ತೆಗೆದುಹಾಕುವಾಗ ಮೊದಲು ಲಾಂಚರ್ ಒತ್ತಿ ಹಳೆಯವನಿಗೆ ಬನ್ನಿ, ‘ಡಬ್ಲ್ಯೂಎಂಸಿಟಿಆರ್‌ಎಲ್ -ಎಂ’ ಹೊಡೆದು ಅವನೇ ಹೌದಾ ನೋಡಿ, ಆಟೋಸ್ಟಾರ್ಟ್‌ನಿಂದ ಅಥವಾ ಫೇಲ್‌ಸೇಫ್‌ನಿಂದ ಹೊಸಬನ ಹೆಸರು ಅಳಿಸಿ, ಆಮೇಲೆ ಆಪ್ಟ್‌ನಿಂದ ತೆಗೆಯಿರಿ. ಪಟ್ಟಿಯಲ್ಲಿರುವ ಲಾಂಚರ್ ಮಾತ್ರ ಇರಲಿ ಬಿಡಿ. ನಮ್ಮ ಮನೆಯದನ್ನು ಈಗ ಅಪ್ಪಯ್ಯನೇ ಒತ್ತಿಕೊಳ್ಳುತ್ತಾರೆ, ನಾನು ಇನ್ನೂ ಶೀಟ್ ತುಂಬುತ್ತಾ ಕೂತಿರುವಾಗಲೇ.